ಗಣಕಕ್ಕೆ ಮರೆವು ತಗುಲಿದೆಯೇ? ಪತ್ತೆ ಹಚ್ಚುವುದು ಹೀಗೆ

2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಸಂಸತ್ ಚುನಾವಣೆ ನಡೆಯಿತು. ರಾಜಧಾನಿ ಬ್ರಸೆಲ್ಸ್ ಪ್ರದೇಶದ ಸ್ಕಾರ್‌ಬೇಕ್ ಎಂಬಲ್ಲಿ ಮತದಾನವೂ ಎಣಿಕೆಯೂ ಗಣಕಯಂತ್ರದ ಮೂಲಕವೇ ಆಗಿತ್ತು. ಅಂಕಿಗಳನ್ನು ತಾಳೆ ನೋಡುವಾಗ ಅಧಿಕಾರಿಗಳು ಬೆಚ್ಚಿದರು. ಸಣ್ಣ ಪಕ್ಷವೊಂದರ ಅಭ್ಯರ್ಥಿಗೆ, ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದಿದ್ದವು. ಮತದಾರರು ಬಳಸಿದ್ದ ಮ್ಯಾಗ್ನೆಟಿಕ್ ಕಾರ್ಡುಗಳನ್ನು ಮತ್ತೊಮ್ಮೆ ಓದಿಸಿದಾಗ ವ್ಯತ್ಯಾಸವೆಷ್ಟು ಎಂಬುದು ತಿಳಿಯಿತು. ಹೆಚ್ಚುವರಿ ಮತಗಳು ಕರಾರುವಾಕ್ಕಾಗಿ 4096.

ಗಣಕದ ಲೆಕ್ಕ ಬಲ್ಲವರಿಗೆ ಈ ಸಂಖ್ಯೆಯೇ ಅರ್ಧ ಉತ್ತರ. ಗಣಕಯಂತ್ರ ಎಲ್ಲ ಸಂಖ್ಯೆಗಳನ್ನೂ ಸೊನ್ನೆ ಮತ್ತು ಒಂದರ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಬಲತುದಿಯ ಸ್ಥಾನದ ಬೆಲೆ 1, ಅದರ ಪಕ್ಕದ್ದು 2, ಆಮೇಲೆ 4, 8, 16. ಹೀಗೆ ದುಪ್ಪಟ್ಟಾಗುತ್ತ ಹೋದರೆ ಹದಿಮೂರನೆಯ ಸ್ಥಾನದ ಬೆಲೆ 4096. ಅಂದರೆ ಯಾರೂ ಕಳ್ಳಮತ ಹಾಕಿರಲಿಲ್ಲ, ಯಾರೂ ತಂತ್ರಾಂಶ ತಿದ್ದಿರಲಿಲ್ಲ. ಯಂತ್ರದ ಸ್ಮೃತಿಕೋಶದಲ್ಲಿ ಸೊನ್ನೆಯಾಗಿ ಇರಬೇಕಿದ್ದ ಒಂದೇ ಒಂದು ಬಿಟ್ ಒಂದಾಗಿ ಬದಲಾಗಿತ್ತು, ಅಷ್ಟೆ. ತಜ್ಞರು ಆ ಯಂತ್ರವನ್ನು ಪರೀಕ್ಷೆಗೆ ಒಳಪಡಿಸಿದರು. ಯಾವ ದೋಷವೂ ಸಿಗಲಿಲ್ಲ. ಬಿಟ್ ತಾನಾಗಿಯೇ ಪಲ್ಲಟಗೊಂಡಿರಬೇಕು, ಬಾಹ್ಯಾಕಾಶದಿಂದ ಬಂದ ಕಣವೊಂದು ಇದಕ್ಕೆ ಕಾರಣವಾಗಿರಬಹುದು ಎಂಬ ಊಹೆಯೇ ಕೊನೆಗೆ ಉಳಿದದ್ದು.

ಮತ ಅಸಾಧ್ಯ ಎನ್ನುವಷ್ಟಿದ್ದ ಕಾರಣ ತಪ್ಪು ಕಣ್ಣಿಗೆ ಬಿತ್ತು. ಅದೇ ಪಲ್ಲಟ ಐದನೆಯ ಸ್ಥಾನದಲ್ಲಿ ಆಗಿದ್ದರೆ ಹೆಚ್ಚಾಗುತ್ತಿದ್ದುದು ಕೇವಲ 16 ಮತ. ಅದನ್ನು ಯಾರು ಗಮನಿಸುತ್ತಿದ್ದರು?

ಮನೆ ಮತ್ತು ಕಚೇರಿಯ ಗಣಕಗಳಲ್ಲಿಯೂ ತೊಂದರೆಯ ಸ್ವರೂಪ ಇದೇ. ಮೆಮೊರಿ ಅಥವಾ ರ‍್ಯಾಮ್ ಎಂದು ಕರೆಯಲಾಗುವ ಸ್ಮೃತಿಪಟ್ಟಿ ಕೆಟ್ಟರೆ ಯಂತ್ರ ಪೂರ್ತಿ ನಿಂತುಹೋಗುವುದು ಅಪರೂಪ. ಬಹಳಷ್ಟು ಸಲ ಅದು ಕೆಲಸ ಮಾಡುತ್ತಲೇ ಇರುತ್ತದೆ, ಆಗೊಮ್ಮೆ ಈಗೊಮ್ಮೆ ಮುಗ್ಗರಿಸುತ್ತದೆ. ನೀಲಿ ಪರದೆ ಬರುತ್ತದೆ, ತಾನಾಗಿ ಮತ್ತೆ ಚಾಲೂ ಆಗುತ್ತದೆ. ಜಿಪ್ ಕಡತ ತೆರೆಯದೆ ಹಟ ಹಿಡಿಯುತ್ತದೆ. ಮದುವೆಯ ಛಾಯಾಚಿತ್ರವೊಂದರ ಅರ್ಧ ಭಾಗ ಬೂದು ಬಣ್ಣಕ್ಕೆ ತಿರುಗುತ್ತದೆ. ವಿಂಡೋಸ್ ಮರುಸ್ಥಾಪಿಸಲು ಹೋದರೆ ಅದು ಅರ್ಧದಲ್ಲಿ ಕೈಕೊಡುತ್ತದೆ. ವೈರಸ್ ಇರಬೇಕೆಂದು ಹಣ ಕೊಟ್ಟು ಆ್ಯಂಟಿವೈರಸ್ ಹಾಕಿಸುವವರು, ಹಾರ್ಡ್ ಡಿಸ್ಕ್ ಬದಲಿಸುವವರು, ಕಡೆಗೆ ಬೇಸತ್ತು ಯಂತ್ರವನ್ನೇ ಮಾರಿಬಿಡುವವರು ಕಡಿಮೆಯೇನಿಲ್ಲ. ಒಂದು ರಾತ್ರಿಯ, ಖರ್ಚಿಲ್ಲದ ಪರೀಕ್ಷೆಯಿಂದ ತಿಳಿಯಬಹುದಾದ ಸಂಗತಿಗೆ ಇಷ್ಟೆಲ್ಲ ಪರದಾಟ.

ಈಗ ಈ ಪರೀಕ್ಷೆಗೆ ಇನ್ನೊಂದು ಕಾರಣವೂ ಸೇರಿದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಹಸಿವು ಹೆಚ್ಚಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಬೆಲೆ ಏರಿದಾಗ ಬಳಸಿದ ಪಟ್ಟಿಗಳನ್ನು ಕೊಳ್ಳುವವರೂ ಹೆಚ್ಚುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಪಟ್ಟಿ ಕೊಳ್ಳುವವರು ಅಂಗಡಿಯವರ ಮಾತನ್ನು ನಂಬುವುದಕ್ಕಿಂತ ಪರೀಕ್ಷಿಸಿ ನೋಡುವುದು ಲೇಸು.

ಸೋರುವ ಬಿಂದಿಗೆಗಳ ಸಾಲು

ಸ್ಮೃತಿ ಏಕೆ ಕೆಡುತ್ತದೆ ಎಂಬುದನ್ನು ತಿಳಿಯಲು ಅದು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬುದನ್ನು ಮೊದಲು ನೋಡಬೇಕು. ಇಂದಿನ ರ‍್ಯಾಮ್‌ನ ಮೂಲ ವಿನ್ಯಾಸ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಅವರದು. 1966ರಲ್ಲಿ ಅವರಿಗೆ ಹೊಳೆದ ಉಪಾಯಕ್ಕೆ 1968ರಲ್ಲಿ ಪೇಟೆಂಟ್ ದೊರೆಯಿತು. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಕೆಪಾಸಿಟರ್, ಇಷ್ಟೇ ಆ ಉಪಾಯ. ಕೆಪಾಸಿಟರ್‌ನಲ್ಲಿ ವಿದ್ಯುದಂಶ ತುಂಬಿದ್ದರೆ ಒಂದು, ಖಾಲಿಯಾಗಿದ್ದರೆ ಸೊನ್ನೆ. ಟ್ರಾನ್ಸಿಸ್ಟರ್ ಅದಕ್ಕೆ ಬಾಗಿಲು. ಇಂಟೆಲ್ ಸಂಸ್ಥೆ 1970ರಲ್ಲಿ ಮಾರುಕಟ್ಟೆಗೆ ತಂದ 1103 ಹೆಸರಿನ ಚಿಪ್‌ನಲ್ಲಿ ಇದ್ದುದು 1024 ಬಿಟ್. ಇಂದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿರುವ 8 ಗಿಗಾಬೈಟ್ ಸ್ಮೃತಿ ಎಂದರೆ ಸುಮಾರು 6,872 ಕೋಟಿ ಬಿಟ್. ಅಷ್ಟೇ ಸಂಖ್ಯೆಯ ಕೆಪಾಸಿಟರ್‌ಗಳು.

ಈ ಕೆಪಾಸಿಟರ್ ಸೋರುವ ಬಿಂದಿಗೆಯಂತೆ. ತುಂಬಿಟ್ಟ ವಿದ್ಯುದಂಶ ಕ್ಷಣಕ್ಷಣಕ್ಕೂ ಜಿನುಗಿ ಹೋಗುತ್ತಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡ್‌ಗೆ ಒಮ್ಮೆಯಾದರೂ, ಅಂದರೆ ಸೆಕೆಂಡಿಗೆ ಹದಿನೈದು ಬಾರಿಗೂ ಹೆಚ್ಚು, ಪ್ರತಿ ಕೋಶವನ್ನೂ ಓದಿ ಮತ್ತೆ ತುಂಬಿಸಬೇಕು. ಇದನ್ನು ರಿಫ್ರೆಶ್ ಎನ್ನುತ್ತಾರೆ. ಕೋಟ್ಯಂತರ ಬಿಂದಿಗೆಗಳಲ್ಲಿ ಒಂದಕ್ಕೆ ತೂತು ಕೊಂಚ ದೊಡ್ಡದಾದರೂ ಸಾಕು, ಮರುಪೂರಣದ ಸರದಿ ಬರುವಷ್ಟರಲ್ಲಿ ಅದು ಬರಿದಾಗಿರುತ್ತದೆ. ಒಂದು ಸೊನ್ನೆಯಾಗುತ್ತದೆ. ಗಣಕಕ್ಕೆ ಇದರ ಸುಳಿವೂ ಇರುವುದಿಲ್ಲ. ತನಗೆ ಸಿಕ್ಕ ಸೊನ್ನೆಯನ್ನೇ ನಿಜವೆಂದು ನಂಬಿ ಮುಂದಿನ ಕೆಲಸ ಮಾಡುತ್ತದೆ.

ಚಿಪ್ ಬಿಸಿಯಾದಷ್ಟೂ ಸೋರಿಕೆ ಹೆಚ್ಚು. 85 ಡಿಗ್ರಿ ಸೆಲ್ಸಿಯಸ್ ಮೀರಿದರೆ ಮರುಪೂರಣವನ್ನು ಎರಡು ಪಟ್ಟು ವೇಗದಲ್ಲಿ ಮಾಡಬೇಕೆಂದು ಡಿಡಿಆರ್ ಮಾನದಂಡಗಳೇ ಹೇಳುತ್ತವೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಮಾತ್ರ ತೊಂದರೆ ಕೊಡುವ, ಬೆಳಗಿನ ಜಾವ ಶಿಸ್ತಾಗಿರುವ ಯಂತ್ರದ ಮೇಲೆ ಮೊದಲು ಈ ಅನುಮಾನ ಪಡಬಹುದು.

ಕೆಪಾಸಿಟರ್ ಮಾತ್ರವಲ್ಲ, ಬಾಗಿಲೂ ಕೆಡಬಹುದು. ಒಂದು ಕೋಶ ಸದಾ ಸೊನ್ನೆಯಲ್ಲಿಯೋ ಒಂದರಲ್ಲಿಯೋ ಅಂಟಿಕೊಂಡು ಕೂರಬಹುದು. ಒಂದು ಕೋಶಕ್ಕೆ ಬರೆದಾಗ ನೆರೆಯ ಕೋಶ ಕದಡಬಹುದು. ವಿಳಾಸ ಹುಡುಕುವ ತಂತಿಯಲ್ಲೇ ದೋಷವಿದ್ದರಂತೂ ಎರಡು ವಿಳಾಸಗಳಿಗೆ ಒಂದೇ ಮನೆ. ಒಬ್ಬರಿಗೆ ಬಂದ ಕಾಗದ ಇನ್ನೊಬ್ಬರ ಕೈಗೆ. ಪಟ್ಟಿ ಮತ್ತು ಅದರ ಸ್ಲಾಟ್ ನಡುವಿನ ಸಂಪರ್ಕ ಸಡಿಲವಾಗಿರುವುದು ಬೇರೆಯೇ ಕತೆ.

ಇವೆಲ್ಲ ಕಾಯಂ ದೋಷಗಳು. ಸ್ಕಾರ್‌ಬೇಕ್‌ನಲ್ಲಿ ಆದದ್ದು ಮತ್ತೊಂದು ಬಗೆಯದು, ಕ್ಷಣಿಕ ದೋಷ. 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ತಿಮೋಥಿ ಮೇ ಮತ್ತು ಮರ್ರೆ ವುಡ್ಸ್ ಇದರ ಒಂದು ಮೂಲವನ್ನು ಪತ್ತೆ ಹಚ್ಚಿದರು. ಚಿಪ್‌ನ ಹೊದಿಕೆಯಲ್ಲಿ ಲೇಶಮಾತ್ರ ಇದ್ದ ಯುರೇನಿಯಂ, ಥೋರಿಯಂಗಳಿಂದ ಹೊಮ್ಮುವ ಆಲ್ಫಾ ಕಣಗಳು ಕೋಶಗಳ ವಿದ್ಯುದಂಶವನ್ನು ಕದಡುತ್ತಿದ್ದವು. 1979ರಲ್ಲಿ ಜೇಮ್ಸ್ ಜೀಗ್ಲರ್ ಮತ್ತು ವಿಲಿಯಂ ಲ್ಯಾನ್‌ಫರ್ಡ್ ಬಾಹ್ಯಾಕಾಶದ ಕಿರಣಗಳೂ ಇದೇ ಕೆಲಸ ಮಾಡಬಲ್ಲವು ಎಂದು ತೋರಿಸಿದರು. ಕ್ಷಣಿಕ ದೋಷದಲ್ಲಿ ಚಿಪ್‌ಗೆ ಏನೂ ಆಗಿರುವುದಿಲ್ಲ. ಮರುಕ್ಷಣ ಪರೀಕ್ಷಿಸಿದರೂ ಅದು ಉತ್ತೀರ್ಣ.

ಹಾಗಾದರೆ ತಪ್ಪುಗಳಿಗೆಲ್ಲ ಆಕಾಶವನ್ನೇ ದೂರಬಹುದೇ? ಬಹಳ ವರ್ಷ ತಜ್ಞರೂ ಹಾಗೆಯೇ ಭಾವಿಸಿದ್ದರು. 2009ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಅವರು ಗೂಗಲ್‌ನ ತಂತ್ರಜ್ಞರೊಡನೆ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಗೂಗಲ್‌ನ ಸರ್ವರ್‌ಗಳಿಂದ ಎರಡೂವರೆ ವರ್ಷ ಕಾಲ ಕಲೆಹಾಕಿದ ಮಾಹಿತಿಯ ಪ್ರಕಾರ, ವರ್ಷವೊಂದರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಯಂತ್ರಗಳಲ್ಲಿ ಒಂದಾದರೂ ಸ್ಮೃತಿದೋಷ ದಾಖಲಾಗಿತ್ತು. ಪಟ್ಟಿಗಳ ಲೆಕ್ಕದಲ್ಲಿ ಇದು ಶೇಕಡಾ 8ಕ್ಕೂ ಹೆಚ್ಚು. ಕ್ಷಣಿಕ ದೋಷಗಳಿಗಿಂತ ಕಾಯಂ ದೋಷಗಳೇ ಮೇಲುಗೈ ಸಾಧಿಸಿದ್ದವು. ಪಟ್ಟಿಗೆ ವಯಸ್ಸಾದಂತೆ ದೋಷವೂ ಹೆಚ್ಚುತ್ತಿತ್ತು. ತಂಪಾದ ಆ ಸರ್ವರ್ ಕೋಣೆಗಳಲ್ಲಿ ಉಷ್ಣಾಂಶದ ಪರಿಣಾಮ ಮಾತ್ರ ನಿರೀಕ್ಷಿಸಿದಷ್ಟು ಕಾಣಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇನೇ ಇದ್ದರೂ, ಒಮ್ಮೆ ತಪ್ಪಿದ ಪಟ್ಟಿ ಮತ್ತೆ ತಪ್ಪುವ ಸಂಭವ ಹೆಚ್ಚು ಎಂಬುದು ಪರೀಕ್ಷಿಸುವವರಿಗೆ ಅನುಕೂಲದ ಸಂಗತಿಯೇ. ಮತ್ತೆ ತಪ್ಪುವುದನ್ನು ಕಾದು ಕುಳಿತು ಹಿಡಿಯಬಹುದು.

ಬರೆ, ಓದು, ತಾಳೆ ನೋಡು

ಪರೀಕ್ಷೆಯ ತತ್ವ ಮಗ್ಗಿ ಒಪ್ಪಿಸುವ ಮಗುವಿನ ಪರೀಕ್ಷೆಯಷ್ಟೇ ಸರಳ. ಹೇಳಿಕೊಟ್ಟದ್ದನ್ನು ತಿರುಗಿ ಕೇಳುವುದು. ಸ್ಮೃತಿಯ ಪ್ರತಿ ಕೋಶಕ್ಕೂ ಗೊತ್ತಿರುವ ಒಂದು ಮೌಲ್ಯ ಬರೆಯಬೇಕು, ಆಮೇಲೆ ಓದಬೇಕು. ಬರೆದದ್ದು 11111111, ಓದಿದಾಗ ಬಂದದ್ದು 11111011 ಎಂದಾದರೆ ದೋಷ ಸಿಕ್ಕಿತು, ದೋಷ ಯಾವ ಬಿಟ್‌ನಲ್ಲಿ ಎಂಬುದೂ ಸಿಕ್ಕಿತು.

ಆದರೆ ಇಷ್ಟು ಮಾತ್ರ ಸಾಲದು. ಎಲ್ಲ ಕಡೆ ಒಂದನ್ನೇ ಬರೆದರೆ, ಸದಾ ಒಂದರಲ್ಲಿ ಅಂಟಿಕೊಂಡ ಕೋಶ ಜಾಣನಂತೆ ಪಾಸಾಗಿಬಿಡುತ್ತದೆ. ಸೊನ್ನೆಯನ್ನೂ ಬರೆದು ನೋಡಬೇಕು. ಎರಡು ವಿಳಾಸಗಳು ಒಂದೇ ಕೋಶಕ್ಕೆ ಹೋಗುತ್ತಿದ್ದರೆ ಎಲ್ಲ ಕಡೆ ಒಂದೇ ಮೌಲ್ಯ ತುಂಬುವ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಅದಕ್ಕಾಗಿ ಪ್ರತಿ ಮನೆಯ ಬಾಗಿಲ ಮೇಲೆ ಆ ಮನೆಯದೇ ನಂಬರು ಬರೆಯುತ್ತ ಹೋಗಿ, ಕೊನೆಗೆ ಹಿಂದಿರುಗಿ ಬಂದು ನೋಡಲಾಗುತ್ತದೆ. ಯಾವ ಬಾಗಿಲ ಮೇಲೆ ಪರರ ನಂಬರಿದೆಯೋ ಅಲ್ಲಿ ಗೋಲ್‌ಮಾಲ್.

ನೆರೆಹೊರೆಯ ಕಿರುಕುಳ ಹಿಡಿಯುವುದು ಇನ್ನೂ ಕಷ್ಟ. ಪ್ರತಿಯೊಂದು ಕೋಶವನ್ನು ಬದಲಿಸಿ ಉಳಿದೆಲ್ಲ ಕೋಶಗಳನ್ನೂ ಓದಿ ನೋಡುವುದು ಪರಿಪೂರ್ಣ ವಿಧಾನ. ಸಾವಿರ ಬಿಟ್‌ಗಳ ಹಳೆಯ ಚಿಪ್‌ಗಳಿಗೆ ಇದು ಸಾಧ್ಯವಿತ್ತು. ಇಂದಿನ 8 ಗಿಗಾಬೈಟ್‌ಗೆ ಹೀಗೆ ಮಾಡಹೊರಟರೆ, ಸೆಕೆಂಡಿಗೆ ನೂರು ಕೋಟಿ ಬಿಟ್ ಓದಿದರೂ, ಮುಗಿಯಲು ಸುಮಾರು ಒಂದೂವರೆ ಲಕ್ಷ ವರ್ಷ ಬೇಕು!

ಈ ಬಿಕ್ಕಟ್ಟಿಗೆ ತಜ್ಞರು ಕಂಡುಕೊಂಡ ದಾರಿಗೆ ಮಾರ್ಚ್ ಪರೀಕ್ಷೆ ಎಂದು ಹೆಸರು. ತಿಂಗಳ ಹೆಸರಲ್ಲ, ಸಿಪಾಯಿಗಳ ಕವಾಯತು. ಮೊದಲು ಎಲ್ಲ ಕೋಶಗಳಲ್ಲೂ ಸೊನ್ನೆ ತುಂಬುತ್ತಾರೆ. ಬಳಿಕ ಕೆಳಗಿನ ವಿಳಾಸದಿಂದ ಮೇಲಕ್ಕೆ ಹೆಜ್ಜೆ ಹಾಕುತ್ತ, ಪ್ರತಿ ಕೋಶದಲ್ಲಿ ಸೊನ್ನೆ ಇದೆಯೇ ಎಂದು ಓದಿ ಅಲ್ಲಿಯೇ ಒಂದನ್ನು ಬರೆಯುತ್ತಾರೆ. ಮತ್ತೆ ಕೆಳಗಿನಿಂದ ಹೊರಟು ಒಂದು ಇದೆಯೇ ಎಂದು ನೋಡಿ ಸೊನ್ನೆ ಬರೆಯುತ್ತಾರೆ. ಆಮೇಲೆ ಇದೇ ಎರಡು ಸುತ್ತನ್ನು ಮೇಲಿನಿಂದ ಕೆಳಕ್ಕೆ ಮಾಡುತ್ತಾರೆ. ಕೊನೆಗೊಮ್ಮೆ ಎಲ್ಲವನ್ನೂ ಓದುತ್ತಾರೆ. ಎರಡೂ ದಿಕ್ಕಿನಲ್ಲಿ ನಡೆಯುವುದರಲ್ಲೇ ಗುಟ್ಟಿದೆ. ಕೆಳಗಿನ ಕೋಶ ಮೇಲಿನದನ್ನು ಕೆಡಿಸುತ್ತಿದ್ದರೆ ಹತ್ತುವಾಗ ಸಿಕ್ಕಿಬೀಳುತ್ತದೆ. ಮೇಲಿನದು ಕೆಳಗಿನದನ್ನು ಕೆಡಿಸುತ್ತಿದ್ದರೆ ಇಳಿಯುವಾಗ. ಒಂದು ಕೋಶಕ್ಕೆ ಒಟ್ಟು ಹತ್ತು ಕ್ರಿಯೆ. ಒಂದೂವರೆ ಲಕ್ಷ ವರ್ಷದ ಕೆಲಸ ಅದೇ ವೇಗದಲ್ಲಿ ಹನ್ನೆರಡು ನಿಮಿಷದೊಳಗೆ ಮುಗಿಯುತ್ತದೆ. ಪರಿಪೂರ್ಣವಲ್ಲ ನಿಜ, ಆದರೆ ಸಾಮಾನ್ಯ ದೋಷಗಳಲ್ಲಿ ಬಹುತೇಕ ಇದರ ಬಲೆಗೆ ಬೀಳುತ್ತವೆ.

ಜನಸಾಮಾನ್ಯರ ಕೈಗೆ ಇಂಥ ಪರೀಕ್ಷೆಯನ್ನು ತಂದವರು ಕ್ರಿಸ್ ಬ್ರೇಡಿ. ಅವರ ಮೆಮ್‌ಟೆಸ್ಟ್86 ಎಂಬ ತಂತ್ರಾಂಶ 1994ರಲ್ಲಿ ಮೊದಲು ಹೊರಬಂತು. 2004ರಲ್ಲಿ ಅದರಿಂದ ಕವಲೊಡೆದ ಮೆಮ್‌ಟೆಸ್ಟ್86 ಪ್ಲಸ್ ಇಂದಿಗೂ ಮುಕ್ತ ತಂತ್ರಾಂಶವಾಗಿಯೇ ಉಳಿದಿದ್ದು, 2022ರಲ್ಲಿ ಹೊಸದಾಗಿ ಬರೆಯಲಾದ ಆರನೇ ಆವೃತ್ತಿ ಈಗಿನ ಯುಇಎಫ್ಐ ಗಣಕಗಳಲ್ಲಿಯೂ ಕೆಲಸ ಮಾಡುತ್ತದೆ. ಮೂಲ ಮೆಮ್‌ಟೆಸ್ಟ್86 ಅನ್ನು 2013ರಲ್ಲಿ ಪಾಸ್‌ಮಾರ್ಕ್ ಎಂಬ ಕಂಪನಿ ವಹಿಸಿಕೊಂಡಿತು. ಅದರ ಉಚಿತ ಆವೃತ್ತಿ ನಾಲ್ಕು ಸುತ್ತಿನ ಪರೀಕ್ಷೆಗೆ ಸೀಮಿತ. ಹೆಸರು ಒಂದೇ ತೆರನಾಗಿರುವುದರಿಂದ ಗೊಂದಲವಾಗುವುದು ಸಹಜ. ಎರಡರಲ್ಲಿ ಯಾವುದನ್ನು ಬಳಸಿದರೂ ಕೆಲಸ ಆದೀತು.

ಮೆಮ್‌ಟೆಸ್ಟ್‌ನಲ್ಲಿ ಬಿಟ್ ಫೇಡ್ ಎಂಬ ಸ್ವಾರಸ್ಯಕರ ಪರೀಕ್ಷೆಯೊಂದಿದೆ. ಕೋಶಗಳಲ್ಲಿ ಮೌಲ್ಯ ತುಂಬಿ ಕೆಲವು ನಿಮಿಷ ಸುಮ್ಮನೆ ಕೂತು, ಆಮೇಲೆ ಓದುತ್ತದೆ. ಸೋರುವ ಬಿಂದಿಗೆಗಳನ್ನು ಹಿಡಿಯುವ ತಂತ್ರವಿದು. ಪರದೆ ಅಲುಗಾಡದೆ ನಿಂತದ್ದು ಕಂಡು ಯಂತ್ರ ಹ್ಯಾಂಗ್ ಆಯಿತೆಂದು ಗುಂಡಿ ಒತ್ತಿಬಿಡುವವರೂ ಉಂಟು.

ಪರೀಕ್ಷೆ ಮಾಡುವ ಬಗೆ

ವಿಂಡೋಸ್ ಬಳಸುವವರು ಬೇರೇನೂ ತರಬೇಕಿಲ್ಲ. ವಿಸ್ಟಾ ಆವೃತ್ತಿಯಿಂದ ಇತ್ತೀಚೆಗೆ ಬಂದ ಎಲ್ಲ ವಿಂಡೋಸ್‌ಗಳಲ್ಲೂ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಸಲಕರಣೆ ಅಡಕವಾಗಿದೆ. ಸ್ಟಾರ್ಟ್ ಮೆನುವಿನಲ್ಲಿ ಅದನ್ನು ಹುಡುಕಿ ಚಾಲೂ ಮಾಡಿದರೆ, ಯಂತ್ರ ಮರುಚಾಲನೆಗೊಂಡು ನೀಲಿ ಪರದೆಯ ಮೇಲೆ ಪರೀಕ್ಷೆ ಶುರುವಾಗುತ್ತದೆ. ಆಗ ಎಫ್1 ಕೀಲಿ ಒತ್ತಿ ಎಕ್ಸ್‌ಟೆಂಡೆಡ್ ಎಂಬ ವಿಸ್ತೃತ ಪರೀಕ್ಷೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸುಮ್ಮನೆ ಬಿಟ್ಟರೆ ನಡೆಯುವ ಮಧ್ಯಮ ಪರೀಕ್ಷೆಯ ಕಣ್ಣು ತಪ್ಪಿಸುವ ದೋಷಗಳು ಬಹಳ. ಫಲಿತಾಂಶ ಪರದೆಯ ಮೂಲೆಯಲ್ಲಿ ಕ್ಷಣಕಾಲ ಮಿಂಚಿ ಮಾಯವಾಗುವುದೂ ಉಂಟು. ಈವೆಂಟ್ ವ್ಯೂವರ್‌ನಲ್ಲಿ ಅದು ದಾಖಲಾಗಿರುತ್ತದೆ.

ಮೆಮ್‌ಟೆಸ್ಟ್ ಆದರೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಗಣಕವನ್ನು ಚಾಲೂ ಮಾಡಬೇಕು. ವಿಂಡೋಸ್ ಓಡುತ್ತಿರುವಾಗಲೇ ಏಕೆ ಪರೀಕ್ಷಿಸಬಾರದು ಎಂಬ ಪ್ರಶ್ನೆ ಏಳಬಹುದು. ಓಡುತ್ತಿರುವ ವಿಂಡೋಸ್ ಸ್ಮೃತಿಯ ದೊಡ್ಡ ಭಾಗದಲ್ಲಿ ತಾನೇ ಬೀಡು ಬಿಟ್ಟಿರುತ್ತದೆ. ಅಲ್ಲಿ ಸೊನ್ನೆ, ಒಂದು ತುಂಬಲು ಹೋದರೆ ಯಂತ್ರ ಕುಸಿಯುತ್ತದೆ. ಬಾಡಿಗೆದಾರ ಒಳಗಿರುವಾಗ ಮನೆಯ ನೆಲ ಅಗೆದು ನೋಡಲಾಗದು. ಮೆಮ್‌ಟೆಸ್ಟ್ ತೀರಾ ಪುಟ್ಟದು. ತಾನು ಕೂತ ಜಾಗವನ್ನೂ ಬಿಡದೆ, ಬೇರೆಡೆಗೆ ಸರಿದು ಅದನ್ನೂ ಪರೀಕ್ಷಿಸುತ್ತದೆ.

ಪೆನ್‌ಡ್ರೈವ್‌ನಿಂದ ಚಾಲೂ ಮಾಡಲು ಕೆಲವು ಗಣಕಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಸೌಲಭ್ಯವನ್ನು ತಾತ್ಕಾಲಿಕವಾಗಿ ತೆಗೆಯಬೇಕಾಗಬಹುದು. ಬಿಟ್‌ಲಾಕರ್ ಬೀಗ ಹಾಕಿರುವ ಲ್ಯಾಪ್‌ಟಾಪ್ ಆದರೆ ಇಲ್ಲಿ ಎಚ್ಚರ ಬೇಕು. ಸೆಕ್ಯೂರ್ ಬೂಟ್ ಬದಲಿಸಿದ ಬಳಿಕ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆಯಿದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಸ್ಮೃತಿ ಪರೀಕ್ಷಿಸಲು ಹೋಗಿ ಕಡತಗಳಿಂದಲೇ ಹೊರಗುಳಿಯಬೇಕಾದೀತು.

ಎಷ್ಟು ಹೊತ್ತು ಓಡಿಸಬೇಕು? ಸ್ಮೃತಿಯ ಗಾತ್ರ ಮತ್ತು ಯಂತ್ರದ ವೇಗಕ್ಕೆ ತಕ್ಕಂತೆ ಒಂದು ಸುತ್ತಿಗೆ ಅರ್ಧ ಗಂಟೆಯಿಂದ ಹಲವು ಗಂಟೆ ಹಿಡಿಯುತ್ತದೆ. ಒಂದು ಸುತ್ತು ಸಾಲದು. ರಾತ್ರಿ ಮಲಗುವಾಗ ಹಚ್ಚಿ ಬೆಳಿಗ್ಗೆ ನೋಡುವುದೇ ರೂಢಿ. ನಡುರಾತ್ರಿ ವಿದ್ಯುತ್ ಹೋದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುವುದರಿಂದ ಯುಪಿಎಸ್ ಇದ್ದರೆ ನೆಮ್ಮದಿ. ಬೆಳಿಗ್ಗೆ ಪರದೆಯಲ್ಲಿ ಕೆಂಪು ಸಾಲುಗಳು ಕಂಡರೆ ಅನುಮಾನವೇ ಬೇಡ. ಒಂದೇ ಒಂದು ದೋಷ ಕಂಡರೂ ಅದು ದೋಷವೇ. ಕೋಟಿಗಟ್ಟಲೆ ಕೋಶಗಳಲ್ಲಿ ಒಂದು ತಾನೇ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ, ಆ ಒಂದು ಕೋಶದಲ್ಲಿ ನಾಳೆ ಯಾವ ಲೆಕ್ಕ ಕೂರುತ್ತದೋ ಬಲ್ಲವರಾರು?

ಕೆಂಪು ಸಾಲು ಕಂಡ ಕೂಡಲೇ ಅಂಗಡಿಗೆ ಓಡಬೇಕಾಗಿಲ್ಲ. ದೋಷ ಪಟ್ಟಿಯದೇ ಆಗಿರಬೇಕೆಂದಿಲ್ಲ. ಪಟ್ಟಿಯನ್ನು ಅದರ ನಿಗದಿತ ಮಟ್ಟಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯಂಥ ಆಯ್ಕೆಗಳನ್ನು ಬಯೋಸ್‌ನಲ್ಲಿ ಯಾರಾದರೂ ಚಾಲೂ ಮಾಡಿದ್ದರೆ, ಅದನ್ನು ತೆಗೆದು ಮತ್ತೆ ಪರೀಕ್ಷಿಸಬೇಕು. ಅಲ್ಲಿಗೇ ದೋಷ ನಿಂತುಹೋಗುವ ಸಂದರ್ಭಗಳು ಸಾಕಷ್ಟಿವೆ. ನಿಲ್ಲದಿದ್ದರೆ ಗಣಕ ಆರಿಸಿ, ವಿದ್ಯುತ್ ಸಂಪರ್ಕ ತಪ್ಪಿಸಿ, ಲೋಹದ ಭಾಗವೊಂದನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ ಕಳೆದುಕೊಂಡು, ಪಟ್ಟಿಗಳನ್ನು ಕಳಚಿ ಮತ್ತೆ ಬಿಗಿಯಾಗಿ ಕೂರಿಸಬೇಕು. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಈ ಹಂತದಲ್ಲಿ ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಉಜ್ಜುತ್ತಾರೆ. ಕೊಳೆ ಕಟ್ಟಿದ ಸಂಪರ್ಕ ಸರಿಯಾಗುವುದರಿಂದ ಎಷ್ಟೋ ಸಲ ಇದು ಫಲ ಕೊಡುತ್ತದೆ, ಉಪಹಾಸ ಮಾಡುವಂತಿಲ್ಲ. ಆದರೆ ಒರಟಾದ ರಬ್ಬರ್ ಆ ತೆಳುವಾದ ಚಿನ್ನದ ಲೇಪನವನ್ನೇ ಸವೆಸುತ್ತದೆ. ಮೃದುವಾದ ರಬ್ಬರ್‌ನಿಂದ ಹಗುರಾಗಿ ಒಮ್ಮೆ ಉಜ್ಜುವುದು ಬೇರೆ, ತಿಂಗಳಿಗೊಮ್ಮೆ ತಿಕ್ಕುವುದು ಬೇರೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಬಟ್ಟೆ ಹೆಚ್ಚು ಸುರಕ್ಷಿತ.

ಎರಡು ಪಟ್ಟಿಗಳಿದ್ದರೆ ಒಂದನ್ನು ತೆಗೆದಿಟ್ಟು ಒಂದೊಂದಾಗಿ ಪರೀಕ್ಷಿಸಬೇಕು. ಒಂದೇ ಪಟ್ಟಿಯನ್ನು ಬೇರೆ ಬೇರೆ ಸ್ಲಾಟ್‌ಗಳಲ್ಲಿಯೂ ಇಟ್ಟು ನೋಡಬೇಕು. ದೋಷ ಪಟ್ಟಿಯ ಜೊತೆಯಲ್ಲಿ ಹೋದರೆ ತಪ್ಪು ಪಟ್ಟಿಯದು. ಸ್ಲಾಟ್‌ನಲ್ಲಿಯೇ ಉಳಿದರೆ ಮದರ್‌ಬೋರ್ಡ್‌ನದು. ಯಾವ ಪಟ್ಟಿ, ಯಾವ ಸ್ಲಾಟ್ ಆದರೂ ದೋಷ ಬರುತ್ತಲೇ ಇದ್ದರೆ ಅನುಮಾನ ಪ್ರೊಸೆಸರ್ ಅಥವಾ ವಿದ್ಯುತ್ ಪೂರೈಕೆಯ ಎಸ್‌ಎಂಪಿಎಸ್ ಕಡೆಗೆ ತಿರುಗಬೇಕು. ತಾಳ್ಮೆ ಬೇಡುವ ಕೆಲಸ, ಒಂದು ಭಾನುವಾರ ಇಡೀ ಹಿಡಿದೀತು. ಆದರೆ ತಪ್ಪು ಬಿಡಿಭಾಗ ಕೊಳ್ಳುವುದಕ್ಕಿಂತ ಅಗ್ಗ. ಪಟ್ಟಿ ಕೆಟ್ಟಿರುವುದು ಖಚಿತವಾದರೆ ಬಿಲ್ ಹುಡುಕಬೇಕು; ಹೆಸರಾಂತ ತಯಾರಕರಲ್ಲಿ ಹಲವರು ಸ್ಮೃತಿಪಟ್ಟಿಗಳಿಗೆ ದೀರ್ಘಾವಧಿಯ ಖಾತರಿ ಕೊಡುತ್ತಾರೆ. ಕೆಂಪು ಸಾಲುಗಳಿರುವ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡಿದ್ದರೆ ವಾದ ಬೆಳೆಯುವುದಿಲ್ಲ.

ಪಾಸಾದರೂ ನಿರಾಳವಲ್ಲ

ರಾತ್ರಿಯಿಡೀ ಓಡಿ ಒಂದೂ ದೋಷ ಕಾಣದಿದ್ದರೆ ಸ್ಮೃತಿ ಸರಿಯಿದೆ ಎಂದು ಬಹುಪಾಲು ನಂಬಬಹುದು, ಪೂರ್ತಿಯಾಗಿ ಅಲ್ಲ. ಕ್ಷಣಿಕ ದೋಷ ಪರೀಕ್ಷೆಗೆ ಸಿಗುವಂಥದ್ದಲ್ಲ ಎಂಬುದನ್ನು ಬೆಲ್ಜಿಯಂ ಪ್ರಕರಣವೇ ತೋರಿಸಿದೆ. ಜೊತೆಗೆ, ನಿರ್ದಿಷ್ಟ ವಿನ್ಯಾಸದಲ್ಲಿ ಕೋಶಗಳನ್ನು ಮುಟ್ಟಿದಾಗ ಮಾತ್ರ ತಲೆದೋರುವ ದೋಷಗಳಿವೆ. 2014ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಇಂಟೆಲ್‌ನವರ ಸಹಯೋಗದಲ್ಲಿ ಇಂಥದ್ದೊಂದನ್ನು ಬಯಲಿಗೆಳೆದರು. ಕೋಶಗಳ ಒಂದು ಸಾಲನ್ನು ಎಡೆಬಿಡದೆ ಲಕ್ಷಾಂತರ ಬಾರಿ ತೆರೆದು ಮುಚ್ಚಿದರೆ ಪಕ್ಕದ ಸಾಲಿನ ಬಿಟ್‌ಗಳು ಪಲ್ಲಟವಾಗುತ್ತಿದ್ದವು. ಅವರು ಪರೀಕ್ಷಿಸಿದ 129 ಪಟ್ಟಿಗಳ ಪೈಕಿ 110 ಇದಕ್ಕೆ ಈಡಾದವು. ರೋಹ್ಯಾಮರ್ ಎಂದು ಹೆಸರಾದ ಈ ದೌರ್ಬಲ್ಯವನ್ನು ಬಳಸಿ ಗಣಕದ ಭದ್ರತೆಯನ್ನೇ ಭೇದಿಸಬಹುದೆಂದು 2015ರಲ್ಲಿ ಗೂಗಲ್‌ನ ತಜ್ಞರು ತೋರಿಸಿಕೊಟ್ಟರು. ಪಾಸ್‌ಮಾರ್ಕ್‌ನ ಮೆಮ್‌ಟೆಸ್ಟ್‌ನಲ್ಲಿ ಈಗ ಇದಕ್ಕೂ ಒಂದು ಪರೀಕ್ಷೆ ಸೇರಿದೆ.

ಪರೀಕ್ಷೆ ಎಂದೋ ಒಂದು ದಿನದ ಮಾತು. ದಿನದಿನವೂ ಕಾವಲು ಕಾಯುವ ಏರ್ಪಾಡು ಬೇರೆಯೇ ಇದೆ, ಅದರ ಹೆಸರು ಇಸಿಸಿ. ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಗಣಿತ ಇದರ ಬುನಾದಿ. 64 ಬಿಟ್ ಮಾಹಿತಿಯ ಜೊತೆಗೆ 8 ಕಾವಲು ಬಿಟ್‌ಗಳನ್ನು ಇಟ್ಟರೆ, ಒಂದು ಬಿಟ್ ತಪ್ಪಿದಾಗ ಯಂತ್ರ ತಾನೇ ಸರಿಪಡಿಸಿಕೊಳ್ಳುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಸರ್ವರ್‌ಗಳಲ್ಲಿ ಇದು ಸಾಮಾನ್ಯ. ಮನೆಯ ಗಣಕಗಳಲ್ಲಿ ಇಲ್ಲ. ಎಂಟನೆಯ ಒಂದು ಭಾಗದಷ್ಟು ಹೆಚ್ಚುವರಿ ಸ್ಮೃತಿಯ ಖರ್ಚನ್ನು ಉಳಿಸಲು ತಯಾರಕರು ಸಾಮಾನ್ಯ ಬಳಕೆದಾರನಿಗೆ ಈ ಕಾವಲನ್ನು ತಪ್ಪಿಸಿದ್ದಾರೆ ಎಂಬ ದೂರಿನಲ್ಲಿ ಹುರುಳಿದೆ. ಡಿಡಿಆರ್5 ಪಟ್ಟಿಗಳಲ್ಲಿ ಇಸಿಸಿ ಇದೆ ಎಂದು ಮಾರಾಟಗಾರರು ಹೇಳುವುದುಂಟು. ಅದು ಚಿಪ್‌ನ ಒಳಗಿನ ತಿದ್ದುಪಡಿ ಮಾತ್ರ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಅದರ ರಕ್ಷಣೆಯಿಲ್ಲ.

ಲಿನಕ್ಸ್ ಜನಕ ಲೀನಸ್ ಟೋರ್ವಾಲ್ಡ್ಸ್ 2021ರ ಆರಂಭದಲ್ಲಿ ಇದೇ ವಿಚಾರವಾಗಿ ಇಂಟೆಲ್ ವಿರುದ್ಧ ಹರಿಹಾಯ್ದಿದ್ದರು. ಮರುವರ್ಷ ಅವರದೇ ಸರದಿ ಬಂತು. 2022ರ ಅಕ್ಟೋಬರ್‌ನಲ್ಲಿ ಹೊಸ ಕರ್ನೆಲ್‌ಗೆ ಕೊಡುಗೆಗಳನ್ನು ಸೇರಿಸಿಕೊಳ್ಳುವ ಭರಾಟೆಯ ನಡುವೆ ಅವರ ಯಂತ್ರ ಕಾರಣವಿಲ್ಲದೆ ಕುಸಿಯತೊಡಗಿತು. ಹೊಸ ಕೋಡ್‌ನಲ್ಲಿ ದೋಷವಿರಬೇಕೆಂದು ಮೊದಲು ಅನುಮಾನಿಸಿದರು. ಕೊನೆಗೆ ಮೆಮ್‌ಟೆಸ್ಟ್ ಓಡಿಸಿದಾಗ ನಿಜ ಹೊರಬಿತ್ತು. ಎರಡೂವರೆ ವರ್ಷ ಚೆನ್ನಾಗಿದ್ದ ಸ್ಮೃತಿಪಟ್ಟಿಯೊಂದು ಕೆಟ್ಟಿತ್ತು. ಆ ಯಂತ್ರದಲ್ಲಿ ಇಸಿಸಿ ಇರಲಿಲ್ಲ! ಹೊಸ ಪಟ್ಟಿ ಬರುವವರೆಗೆ ಅವರು ಲ್ಯಾಪ್‌ಟಾಪ್‌ನಲ್ಲೇ ಕೆಲಸ ಸಾಗಿಸಿದರು.

ಲ್ಯಾಪ್‌ಟಾಪ್‌ನ ಮಾತು ಬಂತು. ಇತ್ತೀಚಿನ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಸ್ಮೃತಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಲ್ಲಿ ಪಟ್ಟಿ ಬದಲಿಸುವ ಪ್ರಶ್ನೆಯೇ ಇಲ್ಲ. ಖಾತರಿ ಅವಧಿ ಮುಗಿದಿದ್ದರೆ ಉಳಿದಿರುವುದು ಒಂದು ತಾತ್ಕಾಲಿಕ ಉಪಾಯ. ದೋಷದ ವಿಳಾಸ ಯಾವುದೆಂದು ಮೆಮ್‌ಟೆಸ್ಟ್ ತೋರಿಸುತ್ತದೆ. ಆ ಜಾಗವನ್ನು ಬಳಸಬೇಡ ಎಂದು ಲಿನಕ್ಸ್‌ಗೂ ವಿಂಡೋಸ್‌ಗೂ ತಿಳಿಸಿಡಬಹುದು. ದೋಷ ಒಂದೇ ಕಡೆ ಇದ್ದು, ಹರಡದಿದ್ದರೆ ಹೀಗೆ ಕೆಲಕಾಲ ದೂಡಬಹುದು.

ಇದೇ ಉಪಾಯ ಭೂಮಿಯಿಂದ 2,400 ಕೋಟಿ ಕಿಲೋಮೀಟರ್ ದೂರದಲ್ಲಿಯೂ ಕೆಲಸಕ್ಕೆ ಬಂದಿದೆ. 1977ರಲ್ಲಿ ಉಡಾವಣೆಯಾದ ವಾಯೇಜರ್ 1 ನೌಕೆ 2023ರ ನವೆಂಬರ್‌ನಲ್ಲಿ ಅರ್ಥವಿಲ್ಲದ ಸಂಕೇತಗಳನ್ನು ಕಳುಹಿಸತೊಡಗಿತು. ನಾಸಾದ ತಂತ್ರಜ್ಞರು ಗಣಕದ ಇಡೀ ಸ್ಮೃತಿಯ ಪ್ರತಿಯನ್ನು ಭೂಮಿಗೆ ತರಿಸಿಕೊಂಡು, ತೊಂದರೆಗೆ ಮುಂಚಿನ ಪ್ರತಿಯೊಡನೆ ತಾಳೆ ನೋಡಿದರು. ಒಂದು ಚಿಪ್ ಕೆಟ್ಟು, ಸ್ಮೃತಿಯ ಸುಮಾರು ಶೇಕಡಾ 3 ಭಾಗ ಹಾಳಾಗಿತ್ತು. ಬದಲಿಸಲು ಅಲ್ಲಿಗೆ ಹೋಗುವವರು ಯಾರು? ಆ ಚಿಪ್‌ನಲ್ಲಿದ್ದ ತಂತ್ರಾಂಶವನ್ನು ತುಂಡು ತುಂಡಾಗಿ ಬೇರೆ ಖಾಲಿ ಜಾಗಗಳಿಗೆ ಹಂಚಿದರು. ಒಂದು ಆದೇಶ ಹೋಗಿ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತಷ್ಟೇ. 2024ರ ಏಪ್ರಿಲ್ 20ರಂದು ನೌಕೆಯಿಂದ ಮತ್ತೆ ಅರ್ಥವಾಗುವ ಮಾಹಿತಿ ಬಂತು.

ಮನೆಯ ಗಣಕದ ಪಟ್ಟಿ ಬದಲಿಸಿದ ಬಳಿಕವೂ ಒಂದು ಕೆಲಸ ಉಳಿದಿರುತ್ತದೆ, ಅದನ್ನು ಬಹಳ ಜನ ಮರೆಯುತ್ತಾರೆ. ದೋಷವಿದ್ದ ಅವಧಿಯಲ್ಲಿ ಬರೆದ, ನಕಲು ಮಾಡಿದ ಕಡತಗಳೆಲ್ಲ ಆ ಕೆಟ್ಟ ಸ್ಮೃತಿಯ ಮೂಲಕವೇ ಹಾದು ಡಿಸ್ಕ್ ಸೇರಿರುತ್ತವೆ; ಬ್ಯಾಕಪ್ ಪ್ರತಿಗಳೂ ಸಹ. ಯಂತ್ರ ಮುಗ್ಗರಿಸಲು ಶುರುವಾದ ದಿನಾಂಕ ನೆನಪು ಮಾಡಿಕೊಂಡು, ಅಲ್ಲಿಂದೀಚೆಗಿನ ಲೆಕ್ಕಪತ್ರಗಳನ್ನು ಕಾಗದದ ಬಿಲ್‌ಗಳೊಡನೆ ತಾಳೆ ನೋಡಬೇಕು, ಛಾಯಾಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಬೇಕು. ಹಳೆಯ ಬ್ಯಾಕಪ್ ಇದ್ದರೆ, ಇದೆಲ್ಲ ಮುಗಿಯುವವರೆಗೆ ಅದರ ಮೇಲೆ ಹೊಸದನ್ನು ಬರೆಯಬಾರದು.